ಸೂಪರ್‌ಚಾರ್ಜರ್ ಹಾಕಿದ ಮೇಲೆ ಇಂಜಿನ್ ತಕರಾರು ಮಾಡ್ತಿದೆಯಾ? ಪಾರ್ಟ್ ಬದಲಾಯಿಸುವ ಮೊದಲು ಹೀಗೆ ಹುಡುಕಿ

ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ ಎರಡು ದಿನ ಆಗಿರುತ್ತದೆ. ಐಡಲಿಂಗ್‌ನಲ್ಲಿ ಆರ್‌ಪಿಎಂ ಮುಳ್ಳು ಓಲಾಡುತ್ತಿದೆ, ಚೆಕ್ ಇಂಜಿನ್ ದೀಪ ಹತ್ತಿದೆ, ಜೋರಾಗಿ ಒತ್ತಿದರೆ ಮಿಸ್ಸಿಂಗ್ ಹೊಡೆಯುತ್ತಿದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಸ್ಕ್ಯಾನರ್ ಹಾಕಿ ಇಂಜಿನ್ ಕಂಪ್ಯೂಟರ್ ದಾಖಲಿಸಿದ ತಕರಾರಿನ ಕೋಡ್ ಅಳಿಸುವುದು. ಎರಡನೆಯದು ಹೊಸ ಪಾರ್ಟ್ ತರುವುದು. ಎರಡೂ ತಪ್ಪು.

ನನ್ನ ಗೆಳೆಯನ ಕಾರಿಗೆ ಹೀಗೇ ಆಯಿತು. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅನ್ನುವ ಲೀನ್ ಕೋಡ್ ಬಂತು ಅಂತ ಪೆಟ್ರೋಲ್ ಪಂಪ್ ಬದಲಾಯಿಸಿದರು. ಆಮೇಲೆ ಇಂಜೆಕ್ಟರ್. ಆಮೇಲೆ ಆಕ್ಸಿಜನ್ ಸೆನ್ಸರ್. ಕೊನೆಗೆ ಸಿಕ್ಕಿದ್ದು ಒತ್ತಡ ಬೇಡದಾಗ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್‌ಗೆ ಹೋಗುವ ಸಣ್ಣ ರಬ್ಬರ್ ಹೋಸ್‌ನಲ್ಲಿ ಒಂದು ಸೀಳು. ಉಗುರಿನಷ್ಟು ಉದ್ದ. ಹೋಸ್ ನೇರವಾಗಿ ಹಿಡಿದರೆ ಕಾಣುತ್ತಲೇ ಇರಲಿಲ್ಲ. ಬಾಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಕಾರಿನಲ್ಲಿ ಅದು ಬಾಗಿಯೇ ಕೂತಿತ್ತು.

ಹೆಜ್ಜೆ 1: ಕೋಡ್ ಬರೆದಿಡಿ

ಕೋಡ್‌ಗಳ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ಪುಟ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ತಕರಾರು ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಾಗಿತ್ತು ಅನ್ನುವುದೆಲ್ಲ ಅಲ್ಲಿದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಪಿ0171, ಪಿ0174 ಬಂದರೆ ಮಿಶ್ರಣ ಲೀನ್. ಪಿ0172 ಬಂದರೆ ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ಪಿ0300 ಅಂದ್ರೆ ಮಿಸ್‌ಫೈರ್. ಲೀನ್ ಕೋಡ್ ಪೆಟ್ರೋಲ್ ಸಾಲುತ್ತಿಲ್ಲ ಅಂತ ಹೇಳುತ್ತಿಲ್ಲ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಅನ್ನುತ್ತಿದೆ, ಅಷ್ಟೇ. ಗಾಳಿಯೇ ಜಾಸ್ತಿ ಆಗಿರಬಹುದು, ಅಲ್ವಾ? ನನ್ನ ಗೆಳೆಯ ಎಡವಿದ್ದು ಇಲ್ಲೇ.

ಹೆಜ್ಜೆ 2: ಕಣ್ಣಿಗಿಂತ ಕೈಯನ್ನು ನಂಬಿ

ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಕಿಟ್ ಹಾಕುವಾಗ ಮುಟ್ಟಿದ ಪ್ರತಿ ಹೋಸ್, ಪ್ರತಿ ಕ್ಲಾಂಪ್, ಪ್ರತಿ ಕನೆಕ್ಟರ್ ಎಳೆದು ನೋಡಿ. ಹೋಸ್‌ಗಳನ್ನು ಬಾಗಿಸಿ ನೋಡಿ. ಬೂಸ್ಟ್ (ಸೂಪರ್‌ಚಾರ್ಜರ್ ಒತ್ತಿದ ಗಾಳಿ) ಹೋಗುವ ದೊಡ್ಡ ಪೈಪ್‌ಗಳಿಗೆ ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡುವ ತೆಳು ಕ್ಲಾಂಪ್ ಬೇಡವೇ ಬೇಡ. ಅದು ಸಿಲಿಕೋನ್ ಹೋಸ್ ಅನ್ನು ಕೊಯ್ಯುತ್ತದೆ, ಮೇಲಾಗಿ ಬಿಸಿಗೆ ಸಡಿಲವಾಗುತ್ತದೆ. ನಟ್ ಇರುವ ಟಿ-ಬೋಲ್ಟ್ ಕ್ಲಾಂಪ್ ಹಾಕಿ.

ಹೆಜ್ಜೆ 3: ಫ್ಯುಯಲ್ ಟ್ರಿಮ್ ಓದುವುದು

ಜನ ಹೆಚ್ಚು ಎಡವುವುದು ಇಲ್ಲಿ. ಇಲ್ಲಿ ಅರ್ಧ ಗಂಟೆ ಕೊಟ್ಟರೆ ಉಳಿದ ಕೆಲಸ ಸಲೀಸು.

ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಅನ್ನು ಸ್ವಲ್ಪ ಜಾಸ್ತಿ, ಸ್ವಲ್ಪ ಕಡಿಮೆ ಮಾಡುತ್ತಲೇ ಇರುತ್ತದೆ. ಆ ತಿದ್ದುಪಡಿಯೇ ಟ್ರಿಮ್. ಪ್ಲಸ್ ಅಂದ್ರೆ ಪೆಟ್ರೋಲ್ ಸೇರಿಸುತ್ತಿದೆ, ಮೈನಸ್ ಅಂದ್ರೆ ಕಡಿಮೆ ಮಾಡುತ್ತಿದೆ. ಸ್ಕ್ಯಾನರ್‌ನಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಅಂತ ಎರಡು ಅಂಕಿ ಕಾಣುತ್ತವೆ. ಎರಡನ್ನೂ ಕೂಡಿಸಿ. ಮೊತ್ತ 5% ಆಚೀಚೆ ಇದ್ದರೆ ಚಿಂತೆ ಇಲ್ಲ. 10% ದಾಟಿದರೆ ಹುಡುಕಬೇಕು.

ಒಂದೇ ಸಲ, ಒಂದೇ ಸ್ಥಿತಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೊದಲು ಐಡಲಿಂಗ್‌ನಲ್ಲಿ ಎರಡು ನಿಮಿಷ ನೋಡಿ ಬರೆದುಕೊಳ್ಳಿ. ಆಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಬರೆದುಕೊಳ್ಳಿ. ಕೊನೆಗೆ ಗಾಡಿ ಓಡಿಸುತ್ತಾ, ಬೂಸ್ಟ್ ಬರದ ಹಾಗೆ ಹದವಾದ ಲೋಡ್ ಕೊಟ್ಟು ಲಾಗ್ ಮಾಡಿ. ಓಡಿಸುವವರು ಸ್ಕ್ಯಾನರ್ ನೋಡಬಾರದು, ಪಕ್ಕದಲ್ಲಿ ಒಬ್ಬರು ಕೂರಬೇಕು.

ಈಗ ಅಂಕಿಗಳನ್ನು ಪಕ್ಕಪಕ್ಕ ಇಡಿ. ಐಡಲಿಂಗ್‌ನಲ್ಲಿ +18, 2500ರಲ್ಲಿ +4 ಇದೆ ಅಂದುಕೊಳ್ಳಿ. ಎಲ್ಲೋ ತೂತು ಇದೆ, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿದೆ. ತೂತಿನ ಗಾತ್ರ ಬದಲಾಗುವುದಿಲ್ಲ. ಐಡಲಿಂಗ್‌ನಲ್ಲಿ ಇಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ತೂತೂ ದೊಡ್ಡ ಪಾಲು ಪಡೆಯುತ್ತದೆ. ಆರ್‌ಪಿಎಂ ಏರಿದಾಗ ಆ ಪಾಲು ಕರಗುತ್ತದೆ. ಗೆಳೆಯನ ಕಾರಿನ ಅಂಕಿಗಳು ಹೀಗೇ ಇದ್ದವು. ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಉಲ್ಟಾ ಇದ್ದರೆ, ಅಂದ್ರೆ ಐಡಲಿಂಗ್‌ನಲ್ಲಿ ಚೆನ್ನಾಗಿದ್ದು ಲೋಡ್ ಏರಿದಂತೆ ಪ್ಲಸ್ ಏರಿದರೆ, ಪೆಟ್ರೋಲ್ ನಿಜವಾಗಿಯೂ ಸಾಲುತ್ತಿಲ್ಲ. ಪಂಪ್, ಫಿಲ್ಟರ್, ಪ್ರೆಷರ್ ರೆಗ್ಯುಲೇಟರ್ ನೋಡಿ. ಏರ್‌ಫ್ಲೋ ಸೆನ್ಸರ್ ಕೂಡ ಗಾಳಿಯನ್ನು ಕಡಿಮೆ ಅಳೆಯುತ್ತಿರಬಹುದು. ಎಣ್ಣೆ ಹಚ್ಚುವ ಏರ್ ಫಿಲ್ಟರ್‌ಗೆ ಅತಿಯಾಗಿ ಎಣ್ಣೆ ಸುರಿದರೆ ಅದು ಸೆನ್ಸರ್ ತಂತಿಗೆ ಅಂಟಿ ಹೀಗಾಗುತ್ತದೆ. ನಾನಂತೂ ಒಣ ಫಿಲ್ಟರ್ ಅನ್ನೇ ಹಾಕಿ ಅನ್ನುತ್ತೇನೆ. ಎಲ್ಲ ಕಡೆಯೂ ಮೈನಸ್ ಇದ್ದರೆ, ದೊಡ್ಡ ಇಂಜೆಕ್ಟರ್ ಹಾಕಿ ಇಸಿಯುಗೆ ಅದರ ಅಳತೆಯನ್ನು ಸರಿಯಾಗಿ ಹೇಳಿಲ್ಲ, ಇಲ್ಲವೇ ಫ್ಯುಯಲ್ ಪ್ರೆಷರ್ ಜಾಸ್ತಿ ಇದೆ.

ಒಂದು ಎಚ್ಚರಿಕೆ. ಏರ್‌ಫ್ಲೋ ಸೆನ್ಸರ್ ಇಲ್ಲದೆ ಬರೀ ಮ್ಯಾಪ್ (ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ) ಸೆನ್ಸರ್ ಮೇಲೆ ನಡೆಯುವ ಇಂಜಿನ್‌ನಲ್ಲಿ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ತೂತಿದ್ದರೆ ಟ್ರಿಮ್ ಹೆಚ್ಚು ಅಲುಗಾಡದೆ ಐಡಲಿಂಗ್ ಆರ್‌ಪಿಎಂ ಏರಿ ಕೂರುತ್ತದೆ. ಅಂಥ ಇಂಜಿನ್‌ನಲ್ಲಿ ಮ್ಯಾಪ್ ಸೆನ್ಸರ್ ಎಷ್ಟು ಬಾರ್‌ನದು ಅಂತಲೂ ನೋಡಿ. 1 ಬಾರ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ ಓದುತ್ತದೆ. ಬೂಸ್ಟ್ ಅದಕ್ಕೆ ಕಾಣುವುದೇ ಇಲ್ಲ.

ಬೂಸ್ಟ್ ಬಂದ ಮೇಲೆ ಟ್ರಿಮ್ ನಂಬಬೇಡಿ. ಪೂರ್ತಿ ಒತ್ತಿದಾಗ ಹೆಚ್ಚಿನ ಇಸಿಯುಗಳು ಆಕ್ಸಿಜನ್ ಸೆನ್ಸರ್ ಮಾತು ಕೇಳುವುದನ್ನು ಬಿಟ್ಟು ತಮ್ಮ ಟೇಬಲ್ ಪ್ರಕಾರ ಪೆಟ್ರೋಲ್ ಬಿಡುತ್ತವೆ. ಆಗ ಗಾಳಿ-ಪೆಟ್ರೋಲ್ ಅನುಪಾತವನ್ನು ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಬೇಕೇ ಬೇಕು. ಅದಿಲ್ಲದೆ ಸೂಪರ್‌ಚಾರ್ಜರ್ ಹಾಕಲೇಬೇಡಿ. ಮಾಮೂಲಿ ಪೆಟ್ರೋಲ್ ಇಂಜಿನ್‌ನಲ್ಲಿ ನಿಧಾನ ಓಡಾಟಕ್ಕೆ ಗಾಳಿ-ಪೆಟ್ರೋಲ್ ಅನುಪಾತ 14.7 ಸುತ್ತ ಇರುತ್ತದೆ. ಬೂಸ್ಟ್‌ನಲ್ಲಿ 11.5ರಿಂದ 12 ಇರಬೇಕು. ಅಂಕಿ ಏರಿದಷ್ಟೂ ಲೀನ್. 12.5 ದಾಟಿ 13ರ ಕಡೆ ಹೊರಟರೆ ತಕ್ಷಣ ಕಾಲು ತೆಗೆಯಿರಿ. ಇನ್ನೊಂದು ಸಲ ಒತ್ತಿ ನೋಡೋಣ ಅಂದವರ ಪಿಸ್ಟನ್ ಕರಗಿದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಚು ಮೇಣದಬತ್ತಿಯ ಹಾಗೆ ಇಳಿದು ಹೋಗಿತ್ತು.

ಹೆಜ್ಜೆ 4: ತೂತು ಎಲ್ಲಿದೆ?

ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಎಲ್ಲಿ ಕೂತಿದೆ ಅಂತ ಮೊದಲು ನೋಡಿ. ರೂಟ್ಸ್, ಟ್ವಿನ್ ಸ್ಕ್ರೂ ಮಾದರಿಯಲ್ಲಿ ಅದು ಸಾಮಾನ್ಯವಾಗಿ ಸೂಪರ್‌ಚಾರ್ಜರ್‌ಗಿಂತ ಮುಂಚೆ ಇರುತ್ತದೆ. ಹಾಗಾಗಿ ಐಡಲಿಂಗ್‌ನಲ್ಲಿ ಥ್ರಾಟಲ್‌ನಿಂದ ಮುಂದಿನದೆಲ್ಲ ವ್ಯಾಕ್ಯೂಮ್‌ನಲ್ಲಿರುತ್ತದೆ. ಯಾವ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೂ ಗಾಳಿ ಎಳೆಯುತ್ತದೆ. ಸೆಂಟ್ರಿಫ್ಯೂಗಲ್ ಮಾದರಿಯಲ್ಲಿ ಥ್ರಾಟಲ್ ಆಮೇಲೆ ಬರುತ್ತದೆ. ನಡುವಿನ ಪೈಪ್‌ನ ತೂತು ಐಡಲಿಂಗ್‌ನಲ್ಲಿ ಹೆಚ್ಚಾಗಿ ಸುಮ್ನೆ ಇದ್ದು ಬೂಸ್ಟ್ ಬಂದಾಗ ಗಾಳಿ ಹೊರಗೆ ಬಿಡುತ್ತದೆ. ಏರ್‌ಫ್ಲೋ ಸೆನ್ಸರ್ ಅದಕ್ಕೂ ಮುಂಚೆ ಇದ್ದರೆ, ಅಳೆದ ಗಾಳಿ ಸೋರಿಹೋಗಿ ಪೆಟ್ರೋಲ್ ಮಾತ್ರ ಉಳಿಯುತ್ತದೆ. ಕಪ್ಪು ಹೊಗೆ ಬರುವುದು ಅದಕ್ಕೇ.

ಹುಡುಕಲು ಸ್ಮೋಕ್ ಮಷಿನ್ ಒಳ್ಳೆಯದು. ಹೊಗೆ ಎಲ್ಲಿ ಎಳೆಎಳೆಯಾಗಿ ಏಳುತ್ತದೋ ಅಲ್ಲೇ ತೂತು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮಾಡಿ ಆರ್‌ಪಿಎಂ ಏರುತ್ತದಾ ಅಂತ ನೋಡುವ ಹಳೇ ದಾರಿ ಬೇಡ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ. ಗ್ಯಾಸ್ಕೆಟ್ ಸೋರಿದರೆ ಮೇಲೆ ಸೀಲೆಂಟ್ ಮೆತ್ತಬೇಡಿ. ಬಿಚ್ಚಿ, ಒರೆಸಿ, ಹೊಸದು ಹಾಕಿ.

ಬೈಪಾಸ್ ವಾಲ್ವ್ ಒಂದೇ ನಿಮಿಷದ ಕೆಲಸ. ಐಡಲಿಂಗ್‌ನಲ್ಲಿ ಅದರ ಕಡ್ಡಿ ಒಳಗೆ ಎಳೆದುಕೊಂಡಿರಬೇಕು. ಆಕ್ಸಿಲರೇಟರ್ ಚಟ್ ಅಂತ ಒತ್ತಿದರೆ ಹೊರಗೆ ಬರಬೇಕು.

ಹೆಜ್ಜೆ 5: ಮಿಸ್ಸಿಂಗ್ ಹೊಡೆದರೆ ಪ್ಲಗ್

ಬೂಸ್ಟ್‌ನಲ್ಲಿ ಮಾತ್ರ ಮಿಸ್ಸಿಂಗ್ ಆಗುತ್ತಿದ್ದರೆ ಮೊದಲು ಪ್ಲಗ್ ಗ್ಯಾಪ್ ಅಳೆಯಿರಿ. ಸಿಲಿಂಡರ್‌ನಲ್ಲಿ ಒತ್ತಡ ಜಾಸ್ತಿ ಆದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. 1.1 ಮಿ.ಮೀ. ಇದ್ದ ಗ್ಯಾಪ್ ಅನ್ನು 0.7 ಅಥವಾ 0.8ಕ್ಕೆ ಇಳಿಸುವುದು ಸಾಮಾನ್ಯ. ಕಿಟ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು. ಒಂದು ಮೆಟ್ಟಿಲು ತಂಪಿನ (ಬಿಸಿಯನ್ನು ಬೇಗ ಬಿಟ್ಟುಕೊಡುವ) ಪ್ಲಗ್ ಹಾಕುವಾಗ ನಂಬರ್ ನೋಡಿ ಮೋಸ ಹೋಗಬೇಡಿ. ಎನ್‌ಜಿಕೆಯಲ್ಲಿ ನಂಬರ್ ಏರಿದರೆ ಪ್ಲಗ್ ತಂಪು. ಬಾಷ್‌ನಲ್ಲಿ ನಂಬರ್ ಏರಿದರೆ ಬಿಸಿ.

ತೆಗೆದ ಪ್ಲಗ್‌ನ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ನಡುವೆ ಬೆಳ್ಳಗೆ ಹೊಳೆಯುವ ಕಣ ಇದ್ದರೆ ಅದು ನಾಕಿಂಗ್ ಗುರುತು, ಅಂದ್ರೆ ಸಿಲಿಂಡರ್‌ನಲ್ಲಿ ಮಿಶ್ರಣ ತಾನಾಗಿಯೇ ಸಿಡಿಯುತ್ತಿದೆ. ಹೊಳೆಯುವುದು ಪಿಸ್ಟನ್‌ನ ಅಲ್ಯುಮಿನಿಯಂ. ಗಾಡಿಯನ್ನು ಅಲ್ಲೇ ನಿಲ್ಲಿಸಿ. ಟೈಮಿಂಗ್, ಪೆಟ್ರೋಲ್‌ನ ಆಕ್ಟೇನ್, ಒಳಗೆ ಹೋಗುವ ಗಾಳಿಯ ಬಿಸಿ, ಮೂರನ್ನೂ ನೋಡಿ. ನೀರಿನ ಇಂಟರ್‌ಕೂಲರ್ ಇದ್ದರೆ ಅದರ ಪಂಪ್ ತಿರುಗುತ್ತಿದೆಯಾ, ಲೈನ್‌ನಲ್ಲಿ ಗಾಳಿ ಸಿಕ್ಕಿಕೊಂಡಿದೆಯಾ ನೋಡಿ. ಗಾಳಿಯ ಬಿಸಿ ಅಳೆಯುವ ಸೆನ್ಸರ್‌ಗೆ ರೆಸಿಸ್ಟರ್ ಸಿಕ್ಕಿಸಿ ಇಸಿಯುಗೆ ಸುಳ್ಳು ಹೇಳುವ ಪುಟ್ಟ ಡಬ್ಬಿಗಳು ಮಾರಾಟಕ್ಕಿವೆ. ದಯವಿಟ್ಟು ಕೊಳ್ಳಬೇಡಿ. ನಾಕಿಂಗ್ ತಪ್ಪಿಸಲು ಇಸಿಯು ನಂಬುವ ಮಾಹಿತಿಯನ್ನೇ ಅವು ಕೆಡಿಸುತ್ತವೆ.

ಹೆಜ್ಜೆ 6: ಬೂಸ್ಟ್ ಸಾಲುತ್ತಿಲ್ಲ

ರೂಟ್ಸ್ ಮಾದರಿಯಲ್ಲಿ 8 ಪಿಎಸ್‌ಐ (ಒತ್ತಡದ ಅಳತೆ) ಬೂಸ್ಟ್ ಬಂದು ಆರ್‌ಪಿಎಂ ಏರಿದಂತೆ 5ಕ್ಕೆ ಇಳಿದರೆ ಬೆಲ್ಟ್ ಜಾರುತ್ತಿರಬಹುದು. ಪುಲ್ಲಿ ಸುತ್ತ ಕಪ್ಪು ಪುಡಿ ಇರುತ್ತದೆ, ಬೆಲ್ಟ್‌ನ ಪಕ್ಕೆಗಳು ಗಾಜಿನ ಹಾಗೆ ಮಿನುಗುತ್ತವೆ. ಟೆನ್ಷನರ್ ಮತ್ತು ಪುಲ್ಲಿಗಳ ಸಾಲು ನೋಡಿ, ಬೆಲ್ಟ್ ಬದಲಾಯಿಸಿ. ಬೆಲ್ಟ್‌ಗೆ ಹೊಡೆಯುವ ಅಂಟು ಸ್ಪ್ರೇ ಒಂದು ವಾರ ಸದ್ದು ಮುಚ್ಚುತ್ತದೆ, ಆಮೇಲೆ ಧೂಳು ಹಿಡಿದು ಇನ್ನೂ ಜಾಸ್ತಿ ಜಾರುತ್ತದೆ. ಬೂಸ್ಟ್ ಲೆಕ್ಕಕ್ಕಿಂತ ಜಾಸ್ತಿ ತೋರಿಸಿ ಎಳೆತ ಮಾತ್ರ ಕಡಿಮೆ ಇದ್ದರೆ ಎಕ್ಸಾಸ್ಟ್ ಕಡೆ ನೋಡಿ. ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ ಹೀಗೆ ಮಾಡುತ್ತದೆ.

ಆಯಿಲ್ ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದು ಬಂದರೆ, ಸೀಲ್‌ಗಳಲ್ಲಿ ಆಯಿಲ್ ಜಿನುಗಿದರೆ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸ್‌ನ, ಅಂದ್ರೆ ಇಂಜಿನ್ ಕೆಳಭಾಗದ ಗ್ಯಾಸ್ ಅನ್ನು ಹೊರಗೆ ಬಿಡುವ ವಾಲ್ವ್) ನೋಡಿ. ಅದು ಬೂಸ್ಟ್ ಅನ್ನು ತಡೆಯದೆ ಕ್ರ್ಯಾಂಕ್‌ಕೇಸ್‌ಗೆ ಬಿಡುತ್ತಿರಬಹುದು. ಅದು ಸರಿಯಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿ. ಇಂಜಿನ್ ಬಿಸಿ ಇರಲಿ, ಎಲ್ಲ ಪ್ಲಗ್ ತೆಗೆಯಿರಿ, ಪೆಟ್ರೋಲ್ ಮತ್ತು ಇಗ್ನಿಷನ್ ಕಡಿತ ಮಾಡಿ, ಥ್ರಾಟಲ್ ಪೂರ್ತಿ ತೆರೆಯಿರಿ. ಅತಿ ಹೆಚ್ಚು, ಅತಿ ಕಡಿಮೆ ಸಿಲಿಂಡರ್‌ಗಳ ನಡುವೆ 15%ಗಿಂತ ಜಾಸ್ತಿ ಅಂತರ ಇದ್ದರೆ, ಕಡಿಮೆ ಇರುವುದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ರಿಪೇರಿ ಮುಗಿದ ಮೇಲೆ ಈಗ ಕೋಡ್ ಅಳಿಸಿ. ಮೂರನೇ ಹೆಜ್ಜೆಯ ಮೂರೂ ಅಳತೆಗಳನ್ನು ಮತ್ತೆ ತೆಗೆದು ಹಳೆಯದರ ಪಕ್ಕ ಬರೆಯಿರಿ. ಲಾಂಗ್ ಟರ್ಮ್ ಟ್ರಿಮ್ ಹೊಸದಾಗಿ ಕಲಿಯಲು ಸ್ವಲ್ಪ ಓಡಾಟ ಬೇಕಾಗುತ್ತದೆ. ಅದು 5% ಒಳಗೆ ಬಂದು ನಿಲ್ಲುವ ತನಕ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ.