ದಿನಾ ಬಸ್ಸು, ರೈಲಿನಲ್ಲಿ ಓಡಾಡುವವರು ರೋಸಿಹೋಗದೆ ಇರುವುದು ಹೇಗೆ

ದಿನಾ ಬಸ್ಸು, ರೈಲು, ಮೆಟ್ರೋ ಹತ್ತಿ ಕೆಲಸಕ್ಕೆ ಹೋಗುವವರನ್ನು ಕೇಳಿ ನೋಡಿ. ದೂರದ ಬಗ್ಗೆ ಅಷ್ಟೇನೂ ಬೇಸರ ಇರುವುದಿಲ್ಲ. ಒಂದು ಗಂಟೆ ಅಂದರೆ ಒಂದು ಗಂಟೆ, ಹೊಂದಿಕೊಂಡುಬಿಡುತ್ತೇವೆ. ಆದರೆ ಆ ಒಂದು ಗಂಟೆ ಇವತ್ತು ಐವತ್ತು ನಿಮಿಷ, ನಾಳೆ ಒಂದೂಮುಕ್ಕಾಲು ಗಂಟೆ ಆಗುತ್ತಲ್ಲ, ಅಲ್ಲಿ ತಲೆ ಕೆಡುತ್ತದೆ. ಯಾವತ್ತು ಏನಾಗುತ್ತೆ ಅಂತ ಗೊತ್ತಾಗದೆ ನಿಂತಿರುವುದೇ ದೊಡ್ಡ ಹಿಂಸೆ. ಅದಕ್ಕೇ ಇಲ್ಲಿ ಬೇಗ ತಲುಪುವ ಉಪಾಯಕ್ಕಿಂತ, ಇಂಥ ಅನಿಶ್ಚಿತತೆಯನ್ನು ಕಡಿಮೆ ಮಾಡಿಕೊಳ್ಳುವುದು ಹೇಗೆ ಅನ್ನುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು ನಿಮ್ಮ ದಾರಿಯ ನಿಜವಾದ ಲೆಕ್ಕ ಹಿಡಿಯಿರಿ. ಮನೆಗೆ ಬೀಗ ಹಾಕಿದ ಹೊತ್ತು, ಕೆಲಸದ ಜಾಗದಲ್ಲಿ ಬಂದು ಕೂತ ಹೊತ್ತು, ಇವೆರಡನ್ನು ಮಾತ್ರ ಮೂರು ವಾರ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಸರಾಸರಿ ತೆಗೆಯಲು ಹೋಗಬೇಡಿ. ಸರಾಸರಿ ನಂಬಿ ಹೊರಟವರು ಹೆಚ್ಚುಕಡಿಮೆ ಎರಡು ದಿನಕ್ಕೊಂದು ದಿನ ಲೇಟಾಗುತ್ತಾರೆ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ದಿನವನ್ನು ಬಿಟ್ಟುಬಿಡಿ, ಅದು ಬಿಟ್ಟರೆ ಅತಿ ಹೆಚ್ಚು ಹೊತ್ತು ಹಿಡಿದ ದಿನವನ್ನು ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಪ್ರಯಾಣಕ್ಕೆ ಬೇಕಾದ ಸಮಯ ಅದೇ. ಇಂಟರ್‌ವ್ಯೂ, ಪರೀಕ್ಷೆ, ಆಸ್ಪತ್ರೆ ಅಂತ ಇರುವ ದಿನ ಅದಕ್ಕಿಂತಲೂ ಒಂದು ಗಾಡಿ ಮುಂಚೆ ಹತ್ತಿ.

ನಡುವೆ ಇಳಿದು ಇನ್ನೊಂದು ಹತ್ತುವುದಿದೆಯಲ್ಲ, ಅದು ನೋಡಲು ಸಲೀಸು, ಆದರೆ ಎಲ್ಲ ಕೆಡುವುದು ಅಲ್ಲೇ. ಒಂದೊಂದು ಗಾಡಿಯೂ 10 ದಿನದಲ್ಲಿ 9 ದಿನ ಸರಿಯಾದ ಹೊತ್ತಿಗೆ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಎರಡು ಗಾಡಿ ಹಿಡಿಯಬೇಕಾದರೆ ಎರಡೂ ಸರಿಯಾಗಿ ಸಿಗುವುದು 10ಕ್ಕೆ 8 ದಿನ, ಮೂರಾದರೆ 7 ದಿನ. ಆ್ಯಪ್ ಎರಡು ದಾರಿ ತೋರಿಸಿ ಒಂದರಲ್ಲಿ ಐದಾರು ನಿಮಿಷ ಉಳಿಯುತ್ತೆ, ಆದರೆ ಒಂದು ಸಲ ಜಾಸ್ತಿ ಬದಲಾಯಿಸಬೇಕು ಅಂದರೆ ನಾನಂತೂ ನೇರವಾಗಿ ಹೋಗುವುದನ್ನೇ ಹಿಡಿಯುತ್ತೇನೆ.

ಈಗ ಬಸ್ಸಿನ ವಿಷಯ. ಅರ್ಧ ಗಂಟೆ ಕಾದರೂ ಒಂದೂ ಇಲ್ಲ, ಬಂದರೆ ಒಂದರ ಹಿಂದೆ ಒಂದು ಮೂರು ಬರುತ್ತವೆ. ಬೇಕಂತಲೇ ಮಾಡುತ್ತಾರೆ ಅಂತ ಎಲ್ಲರೂ ಬೈಯುತ್ತಾರೆ, ಆದರೆ ಯಾರೂ ಬೇಕಂತ ಮಾಡದಿದ್ದರೂ ಹೀಗೇ ಆಗುತ್ತದೆ. ಒಂದು ಬಸ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡು ಎರಡು ನಿಮಿಷ ತಡವಾಯಿತು ಅನ್ನಿ. ಮುಂದಿನ ಸ್ಟಾಪಿನಲ್ಲಿ ಅಷ್ಟರಲ್ಲಿ ಇನ್ನೂ ನಾಲ್ಕು ಜನ ಸೇರಿರುತ್ತಾರೆ, ಅವರು ಹತ್ತುವಷ್ಟರಲ್ಲಿ ಇನ್ನಷ್ಟು ತಡ, ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದಿನಿಂದ ಬರುವ ಬಸ್ಸಿಗೆ ಹತ್ತುವವರೇ ಇರುವುದಿಲ್ಲ, ಅದು ಸಲೀಸಾಗಿ ಓಡಿಬಂದು ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. 1964ರಷ್ಟು ಹಿಂದೆಯೇ ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಸಂಶೋಧಕರು ಇದನ್ನು ಗಣಿತದಲ್ಲಿ ತೋರಿಸಿದ್ದರು.

ಇದು ಗೊತ್ತಿದ್ದರೆ ಎರಡು ಲಾಭ. ಒಂದು, 10 ನಿಮಿಷಕ್ಕೊಂದು ಬಸ್ ಅಂದರೆ ಸರಾಸರಿ 5 ನಿಮಿಷ ಕಾದರೆ ಸಾಕು ಅನ್ನುವ ಲೆಕ್ಕವನ್ನು ನೀವು ನಂಬುವುದಿಲ್ಲ. ಗಂಟೆಗೆ 6 ಬಸ್ ಬರುವುದು ನಿಜವೇ ಇರಬಹುದು. ಆದರೆ ಎರಡೆರಡು ಜೊತೆಯಾಗಿ, ಒಂದಾದ 2 ನಿಮಿಷಕ್ಕೆ ಇನ್ನೊಂದು, ಆಮೇಲೆ 18 ನಿಮಿಷ ಏನೂ ಇಲ್ಲ ಅನ್ನುವ ಹಾಗೆ ಬಂದರೆ? ನೀವು ಸ್ಟಾಪಿಗೆ ಕಾಲಿಡುವ ಹೊತ್ತು ಆ 18 ನಿಮಿಷದ ಖಾಲಿಯಲ್ಲಿ ಬೀಳುವ ಸಂಭವವೇ 10ಕ್ಕೆ 9. ಆಗ ಸರಾಸರಿ ಕಾಯುವುದು 8 ನಿಮಿಷಕ್ಕೂ ಜಾಸ್ತಿ. ನಿಮ್ಮ ಹಣೆಬರಹ ಕೆಟ್ಟದ್ದು ಅಂತ ಅಲ್ಲ, ಲೆಕ್ಕ ಇರುವುದೇ ಹಾಗೆ.

ಎರಡನೆಯ ಲಾಭ ಇನ್ನೂ ಒಳ್ಳೆಯದು. ತುಂಬಾ ಹೊತ್ತು ಕಾದ ಮೇಲೆ ಬಾಗಿಲಲ್ಲಿ ಜನ ಜೋತುಬಿದ್ದ ಬಸ್ ಬಂದರೆ ನುಗ್ಗಬೇಡಿ. ಅದು ತಡವಾದ ಬಸ್, ಆದ್ದರಿಂದ ಹಿಂದೆ ಇನ್ನೊಂದು ಹತ್ತಿರದಲ್ಲೇ ಇರುವ ಸಾಧ್ಯತೆ ಜಾಸ್ತಿ. ಆ್ಯಪ್‌ನಲ್ಲಿ ಒಂದು ಸಲ ನೋಡಿ. ಎರಡು ಮೂರು ನಿಮಿಷದಲ್ಲಿ ಇದ್ದರೆ ಅದನ್ನೇ ಹತ್ತಿ. ಎಷ್ಟೋ ಸಲ ಸೀಟೂ ಸಿಗುತ್ತದೆ, ದಾರಿಯಲ್ಲಿ ಆ ತುಂಬಿದ ಬಸ್ಸನ್ನು ದಾಟಿ ಮುಂದೆಯೂ ಹೋಗುತ್ತೀರಿ. ಆದರೆ ರಾತ್ರಿ ಕೊನೆಯ ಬಸ್ಸಿನ ಹೊತ್ತಿನಲ್ಲಿ ಈ ಪ್ರಯೋಗ ಬೇಡ.

ಆ್ಯಪ್ ಅಂದಾಗ ಒಂದು ಮಾತು. ಅದು ತೋರಿಸುವ ಸಮಯದಲ್ಲಿ ಎರಡು ಬಗೆ ಇರುತ್ತದೆ. ಗಾಡಿಯೊಳಗಿನ ಜಿಪಿಎಸ್‌ನಿಂದ ಬರುವುದು ಒಂದು, ಸುಮ್ನೆ ವೇಳಾಪಟ್ಟಿ ನೋಡಿ ತೋರಿಸುವುದು ಇನ್ನೊಂದು. 3 ನಿಮಿಷ, 2 ನಿಮಿಷ, 1 ನಿಮಿಷ ಅಂತ ಇಳಿದು, ಇನ್ನೇನು ಬಂತು ಅನ್ನುವಾಗ ಬಸ್ಸೇ ಬರದೆ ಆ ಸಾಲು ಮಾಯವಾಗುತ್ತದಲ್ಲ, ಅದು ಬಹುಮಟ್ಟಿಗೆ ವೇಳಾಪಟ್ಟಿಯ ಬಸ್ಸು. ಹೆಚ್ಚಿನ ಆ್ಯಪ್‌ಗಳಲ್ಲಿ ಲೈವ್ ಇರುವುದಕ್ಕೆ ಬೇರೆ ಬಣ್ಣವೋ ಚಿಕ್ಕ ಗುರುತೋ ಇರುತ್ತದೆ. ನಿಮ್ಮದರಲ್ಲಿ ಅದು ಯಾವುದು ಅಂತ ಇವತ್ತೇ ನೋಡಿಕೊಳ್ಳಿ, ಗುರುತು ಇಲ್ಲದ ಸಮಯವನ್ನು ನಂಬಿ ನಿಲ್ಲಬೇಡಿ.

ರೈಲು ಸ್ಟೇಷನ್ ಇನ್ನೇನು ಕಾಣುತ್ತಿದೆ ಅನ್ನುವಾಗ ನಿಂತುಬಿಡುವುದೂ ಬಹುಮಟ್ಟಿಗೆ ಬಸ್ಸಿನ ಥರವೇ, ಒಂದರ ತಡ ಇನ್ನೊಂದಕ್ಕೆ ತಗಲುತ್ತದೆ. ಹಳಿಯನ್ನು ಭಾಗ ಭಾಗವಾಗಿ ವಿಂಗಡಿಸಿರುತ್ತಾರೆ. ಒಂದು ಭಾಗದಲ್ಲಿ ರೈಲು ಇರುವಾಗ ಹಿಂದಿನದಕ್ಕೆ ಅಲ್ಲಿಗೆ ಬರಲು ಸಿಗ್ನಲ್ ಸಿಗುವುದಿಲ್ಲ. ಎರಡೆರಡು ನಿಮಿಷಕ್ಕೆ ರೈಲು ಓಡುವ ಕಡೆ, ಮುಂದಿನ ರೈಲಿನ ಬಾಗಿಲಿಗೆ ಒಬ್ಬರು ಬ್ಯಾಗ್ ಅಡ್ಡ ಹಿಡಿದು 20 ಸೆಕೆಂಡ್ ತಡ ಮಾಡಿದರೆ ಹಿಂದಿನ ರೈಲುಗಳೂ ಒಂದೊಂದಾಗಿ ನಿಲ್ಲುತ್ತವೆ. ಆದ್ದರಿಂದ ಇಳಿಯುವವರಿಗೆ ದಾರಿ ಬಿಟ್ಟು ಹತ್ತುವುದು ಬರೀ ಸಭ್ಯತೆಯ ಮಾತಲ್ಲ, ಎಲ್ಲರ ಸಮಯ ಅದರಲ್ಲಿದೆ. ದಯವಿಟ್ಟು ಮುಚ್ಚುತ್ತಿರುವ ಬಾಗಿಲಿಗೆ ಕೈ ಹಾಕಬೇಡಿ.

ರಷ್‌ನಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಮೆಟ್ಟಿಲು ಇಳಿದ ತಕ್ಷಣ ಸಿಗುವ ಬೋಗಿಯೇ ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ತುಂಬಿರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ನಿಮಿಷ ನಡೆದು ದೂರದ ತುದಿಗೆ ಹೋದರೆ ಉಸಿರಾಡಲು ಜಾಗ ಸಿಗಬಹುದು. ಒಳಗೆ ಹೋದ ಮೇಲೆ ಬಾಗಿಲ ಹತ್ತಿರವೇ ಗೂಟ ಹೊಡೆದ ಹಾಗೆ ನಿಲ್ಲಬೇಡಿ, ಸೀಟುಗಳ ನಡುವಿನ ಜಾಗಕ್ಕೆ ಸರಿಯಿರಿ. ಯಾರಾದರೂ ಎದ್ದರೆ ಕೂರಲು ಸಿಗುವುದೂ ಅಲ್ಲೇ. ಬೆನ್ನಿನ ಬ್ಯಾಗನ್ನು ಮುಂದಕ್ಕೆ ಹಾಕಿಕೊಳ್ಳಿ, ಕಾಲು ಸ್ವಲ್ಪ ಅಗಲಿಸಿ ಒಂದು ಕಾಲು ಮುಂದಿಟ್ಟು, ಮಂಡಿ ಬಿಗಿ ಹಿಡಿಯದೆ ನಿಲ್ಲಿ. ಬ್ರೇಕ್ ಹಾಕಿದಾಗ ಮುಗ್ಗರಿಸುವುದು ತಪ್ಪುತ್ತದೆ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ನೀರಿನ ಬಾಟಲಿ ಇರಲಿ. ತಲೆ ಸುತ್ತುತ್ತಿದೆ ಅನ್ನಿಸಿದರೆ ಸಂಕೋಚ ಬೇಡ, ಪಕ್ಕದವರಿಗೆ ಹೇಳಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಕೂತುಕೊಳ್ಳಿ.

ಇನ್ನೊಂದು, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ನೂಕುನುಗ್ಗಲಿನಲ್ಲಿ ಯಾರಾದರೂ ಮೈ ಮುಟ್ಟಿದರೆ ಅದನ್ನು ರಷ್‌ನ ತೊಂದರೆ ಅಂತ ನುಂಗಿಕೊಳ್ಳಬೇಡಿ. ನಿಮಗೆ ಧೈರ್ಯ ಇದ್ದರೆ ಎಲ್ಲರಿಗೂ ಕೇಳುವಂತೆ "ಕೈ ತೆಗೀರಿ" ಅನ್ನಿ. ಆಗದಿದ್ದರೆ ಜಾಗ ಬದಲಿಸಿ, ಡ್ರೈವರ್ ಅಥವಾ ಸಿಬ್ಬಂದಿ ಇರುವ ಕಡೆ ಹೋಗಿ. ಬೇರೆಯವರಿಗೆ ಹಾಗಾಗುತ್ತಿರುವುದು ಕಂಡರೆ ಅವರ ಪಕ್ಕ ಹೋಗಿ ನಿಂತು, ಪರಿಚಯದವರ ಹಾಗೆ ಮಾತಾಡಿಸಿ. ಅಷ್ಟೇ ಎಷ್ಟೋ ಸಲ ಸಾಕಾಗುತ್ತದೆ.

ಗಾಡಿ ನಿಂತೇ ಹೋದ ದಿನಕ್ಕೆ ಮೊದಲೇ ಒಂದು ನಿಯಮ ಮಾಡಿಟ್ಟುಕೊಳ್ಳಿ. 15 ನಿಮಿಷ ಕಾಯುತ್ತೇನೆ, ಆಮೇಲೆ ಬೇರೆ ದಾರಿ, ಅಷ್ಟೇ. ಇಲ್ಲದಿದ್ದರೆ "ಇಷ್ಟು ಹೊತ್ತು ಕಾದಿದ್ದೇನೆ, ಈಗ ಬರಬಹುದು" ಅಂತ ಒಂದು ಗಂಟೆ ಅಲ್ಲೇ ಕಳೆದುಹೋಗುತ್ತದೆ. ಬೇರೆ ದಾರಿ ಅಂದರೆ ಅದೇ ಹಳಿ, ಅದೇ ರಸ್ತೆ ಬಳಸದ ದಾರಿ ಆಗಿರಬೇಕು. ಬಿಡುವಿದ್ದ ದಿನ ಅದರಲ್ಲಿ ಒಂದು ಸಲ ಹೋಗಿ ಬನ್ನಿ. ಗಡಿಬಿಡಿಯಲ್ಲಿ ಗೊತ್ತಿಲ್ಲದ ಸ್ಟಾಪ್ ಹುಡುಕುವುದು ಯಾರಿಗೆ ಬೇಕು?

ಕೊನೆಗೆ ದೂರು. ಬೈಗುಳ ಬರೆದರೆ ಯಾರೂ ಓದುವುದಿಲ್ಲ. ದಿನಾಂಕ, ಸಮಯ, ಮಾರ್ಗದ ನಂಬರ್, ಗಾಡಿಯ ನಂಬರ್, ಯಾವ ಸ್ಟಾಪ್, ಯಾವ ದಿಕ್ಕು, ಏನಾಯಿತು, ನಿಮಗೇನು ಬೇಕು, ಇಷ್ಟನ್ನು ಅವತ್ತೇ ಬರೆದು ಕಳಿಸಿ. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ಅದೇ ತೊಂದರೆ ಇರುವ ನಾಲ್ಕು ಜನ ಬೇರೆ ಬೇರೆಯಾಗಿ ಬರೆದರೆ ಇನ್ನೂ ಒಳ್ಳೆಯದು. ಎಲ್ಲ ತಪ್ಪನ್ನೂ ಎದುರಿಗೆ ಸಿಕ್ಕ ಡ್ರೈವರ್ ಮೇಲೆ ಹಾಕಬೇಡಿ, ವೇಳಾಪಟ್ಟಿ ಮಾಡುವವರು ಅವರಲ್ಲ. ತಡವಾದದ್ದಕ್ಕೆ ನಿಮಗೆ ಏನಾದರೂ ಹಕ್ಕಿದೆಯಾ ಅಂತಲೂ ವಿಚಾರಿಸಿ. ಜಪಾನಿನಲ್ಲಿ ರೈಲು ತಡವಾದರೆ ರೈಲ್ವೆಯವರೇ ಒಂದು ಚೀಟಿ ಕೊಡುತ್ತಾರೆ, ಆಫೀಸಿನಲ್ಲಿ, ಶಾಲೆಯಲ್ಲಿ ಅದನ್ನು ತೋರಿಸಬಹುದು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ರೈಲು 60 ನಿಮಿಷ ತಡವಾದರೆ ಟಿಕೆಟ್ ಹಣದ ಶೇ. 25, 120 ನಿಮಿಷವಾದರೆ ಶೇ. 50 ವಾಪಸ್ ಕೇಳಬಹುದು, ಆದರೆ ನಗರದೊಳಗಿನ ರೈಲುಗಳಿಗೆ ಎಲ್ಲ ದೇಶದಲ್ಲೂ ಇದು ಅನ್ವಯಿಸುವುದಿಲ್ಲ. ನೀವಿರುವ ಕಡೆ ಅಂಥ ನಿಯಮ ಇದ್ದರೆ ಟಿಕೆಟನ್ನು ಎಸೆಯಬೇಡಿ, ಪಾಸ್ ಇದ್ದರೆ ಅದರ ನಂಬರನ್ನೂ ದೂರಿನಲ್ಲಿ ಸೇರಿಸಿ.