ಜರ್ಮನಿಗೆ ತಮ್ಮನ ಮನೆಗೆ ಹೊರಟರೆ, ಮೆಟ್ಟಿಲ ಕಸ ನೀವೇ ಗುಡಿಸಿ

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ರೊಟ್ಟಿ ಮಾಡಿ ಮಾರುವವಳು. ನನ್ನ ತಮ್ಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. 2025ರ ಮೇ ತಿಂಗಳಲ್ಲಿ ಹೋಗಿ ಆರು ವಾರ ಇದ್ದು ಬಂದೆ. ಅವತ್ತಿನಿಂದ ಮಗನ ಮನೆಗೆ, ಮಗಳ ಬಾಣಂತನಕ್ಕೆ ಅಂತ ಹೊರದೇಶಕ್ಕೆ ಹೊರಟವರು ರೊಟ್ಟಿ ಒಯ್ಯಲು ಬಂದಾಗ ಕೇಳುತ್ತಾರೆ: ಅಲ್ಲಿ ಏನು ನೋಡಬೇಕು?

ನನ್ನದು ಒಂದೇ ಮಾತು. ಹೋದ ಮೂರನೇ ದಿನಕ್ಕೆ ಆ ಮನೆಯ ಒಂದು ಹೊರಗಿನ ಕೆಲಸ ನಿಮ್ಮ ಕೈಗೆ ತಗೊಳ್ಳಿ. ಟಿವಿ ಗೋಪುರ, ಕಾರಿನ ಮ್ಯೂಸಿಯಂ ಎಲ್ಲ ಶನಿವಾರ ಅವರೇ ತೋರಿಸುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಏನು ಮಾಡುತ್ತೀರಿ? ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋಗುತ್ತಾರೆ. ಮೂರು ತಿಂಗಳು ಕಿಟಕಿ ಪಕ್ಕ ಕೂತು ಫೋನಿನಲ್ಲಿ ಧಾರಾವಾಹಿ ನೋಡಿ ಬಂದವರು ನನಗೆ ಗೊತ್ತು. ಅದಕ್ಕೆ ಅಷ್ಟು ದೂರ ಹೋಗಬೇಕಾ?

ಮೊದಲು ಕಾಗದ ಪತ್ರ. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಷೆಂಗೆನ್ ವೀಸಾ ಅಂತ. ಅದರಲ್ಲಿ 180 ದಿನಗಳ ಒಳಗೆ 90 ದಿನ ಇರಬಹುದು. ದೊಡ್ಡವರಿಗೆ ಫೀಸು 90 ಯೂರೋ, ಅರ್ಜಿ ತೆಗೆದುಕೊಳ್ಳುವ ಕೇಂದ್ರದವರ ಚಾರ್ಜು ಬೇರೆ. ಒಂದು ಯೂರೋ ಅಂದರೆ ಹತ್ತಿರ ಹತ್ತಿರ ನೂರು ರೂಪಾಯಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಹೊರಡುವ ದಿನಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಕೊನೇ ಗಳಿಗೆಗೆ ಇಡಬೇಡಿ. ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇದೆ. ಊರಿಗೆ ಕಲಬುರಗಿ ಅಂತ ಹೆಸರು ಬಂದದ್ದು 2014ರ ನವೆಂಬರ್ 1ರಂದು. ಹಳೇ ದಾಖಲೆಯಲ್ಲಿ ಗುಲ್ಬರ್ಗಾ, ಹೊಸದರಲ್ಲಿ ಕಲಬುರಗಿ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ. ನಾನು ಬುದ್ಧಿವಂತಿಕೆ ಮಾಡಿ ತಿದ್ದಲು ಹೋಗಿ ಫಾರಂ ಎರಡು ಸಲ ತುಂಬಿದೆ.

ಇನ್ನು ಗಂಟುಮೂಟೆ. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಅಂದರೆ ತುಪ್ಪ, ಪೇಡಾ, ಖೋವಾ ಎಲ್ಲ ಮನೆಯಲ್ಲೇ ಬಿಡಿ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಬೇಡ. ಒಣಕೊಬ್ಬರಿ ಬಟ್ಟಲು ಬೇಗ ಬೆಂಕಿ ಹತ್ತುವ ವಸ್ತು ಅಂತ ಏರ್‌ಪೋರ್ಟಿನಲ್ಲೇ ತೆಗೆಸುತ್ತಾರೆ. ದುಬೈ ಕಡೆ ಹೋಗುವವರು ಗಸಗಸೆ ಮುಟ್ಟಲೇಬೇಡಿ, ಅಲ್ಲಿ ಅದು ದೊಡ್ಡ ಅಪರಾಧ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ), ತೊಗರಿಬೇಳೆ ಧಾರಾಳವಾಗಿ ಒಯ್ಯಿರಿ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ನನ್ನ ತಮ್ಮ ಅದನ್ನು ಬಂಗಾರದ ಹಾಗೆ ಅಳೆದು ಅಳೆದು ಹಾಕುತ್ತಾನೆ.

ಕಡಕ್ ರೊಟ್ಟಿಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಇಟ್ಟರೆ ಇಳಿಯುವಾಗ ನುಚ್ಚು ಸಿಗುತ್ತದೆ. ರೊಟ್ಟಿಯನ್ನು ಡಬ್ಬಿಯ ಅಗಲಕ್ಕೇ ಬಡಿಯಿರಿ. ಪೂರ್ತಿ ಆರಿಸಿ, ಒಂದರ ಮೇಲೊಂದು ಜೋಡಿಸಿ, ಮೇಲೆ ಹಳೇ ಮೆತ್ತನೆ ಸೀರೆ ತುಂಡು ತುರುಕಿ ಮುಚ್ಚಳ ಹಾಕಿ. ಅಲುಗಾಡಬಾರದು. ಆ ಡಬ್ಬಿ ನಿಮ್ಮ ಕೈಚೀಲದಲ್ಲೇ ಇರಲಿ. ಉಪ್ಪಿನಕಾಯಿ ಮಾತ್ರ ದೊಡ್ಡ ಸೂಟ್‌ಕೇಸಿಗೆ, ಎಣ್ಣೆ ಇದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ. ಅಲ್ಲೇ ಮಾಡಿದರಾಯಿತು ಅಂದುಕೊಳ್ಳಬೇಡಿ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ಹಳೇದು, ಜಿಗಿ ಇರುವುದಿಲ್ಲ. ಒಲೆ ಗಾಜಿನದು, ಬೆಂಕಿಯೇ ಇಲ್ಲ. ಬೆಂಕಿ ಇಲ್ಲದೆ ರೊಟ್ಟಿ ಹೆಂಗೆ ಉಬ್ಬುತ್ತದೆ?

ಆ ಊರು ಮುಟ್ಟಿದ ದಿನ ಒಂದು ವಿಷಯ ನೆನಪಿಡಿ. ಅಲ್ಲಿ ಅಪಾರ್ಟ್‌ಮೆಂಟಿಗೆ ಮನೆ ನಂಬರ್ ಇರುವುದಿಲ್ಲ. ಕೆಳಗಿನ ಬಾಗಿಲಲ್ಲಿ ಕರೆಗಂಟೆಗಳ ಸಾಲು, ಪಕ್ಕದಲ್ಲಿ ಮನೆತನದ ಹೆಸರು, ಅಷ್ಟೇ. ತಮ್ಮನ ಹೆಸರು ಗಂಟೆಯ ಮೇಲೆ ಹೇಗೆ ಬರೆದಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ನಮಸ್ಕಾರ ಕಲಿಯಿರಿ. ಆ ಸೀಮೆಯಲ್ಲಿ 'ಗ್ರ್ಯೂಸ್ ಗಾಟ್' ಅನ್ನುತ್ತಾರೆ, ಅದರೊಳಗೆ ದೇವರ ಹೆಸರಿದೆ. ನಾವು 'ಶರಣ್ರೀ' ಅಂದ ಹಾಗೆ ಅಂದುಕೊಂಡೆ, ಬಾಯಿಗೆ ಹತ್ತಿತು. ಅಂಗಡಿಗೆ, ಡಾಕ್ಟರ ಹತ್ತಿರ ಸಾಲಲ್ಲಿ ಕೂರಲು, ಲಿಫ್ಟಿಗೆ ಹೋದಾಗ ಅನ್ನಲೇಬೇಕು. ಅನ್ನದೆ ಹೋದರೆ ಸೊಕ್ಕಿನವಳು ಅಂತ ನೋಡುತ್ತಾರೆ.

ಕೆಲಸ ತಗೊಳ್ಳಿ ಅಂದೆನಲ್ಲ, ನಾನು ಮೊದಲು ಹಿಡಿದದ್ದು ಖಾಲಿ ಬಾಟಲಿ. ಪ್ಲಾಸ್ಟಿಕ್ ಬಾಟಲಿ, ತಗಡಿನ ಡಬ್ಬಿ ಕೊಂಡಾಗ 25 ಸೆಂಟ್ ಜಾಸ್ತಿ ತಗೊಂಡಿರುತ್ತಾರೆ. 'ಫಾಂಡ್' ಅನ್ನುತ್ತಾರೆ, ಠೇವಣಿ. ಖಾಲಿ ಬಾಟಲಿಯನ್ನು ಅಂಗಡಿಯ ಮಷೀನಿನ ಬಾಯಿಗೆ ಇಟ್ಟರೆ ನುಂಗಿ ಚೀಟಿ ಕೊಡುತ್ತದೆ. ಚೀಟಿ ಗಲ್ಲಾಪೆಟ್ಟಿಗೆಗೆ ಕೊಟ್ಟರೆ ದುಡ್ಡು. ಬಾಟಲಿ ಚಪ್ಪಟೆ ಮಾಡಬೇಡಿ, ಮಷೀನು ಉಗುಳುತ್ತದೆ. ಬಿಯರ್ ಗಾಜಿನ ಬಾಟಲಿಗೆ ಬರೀ 8 ಸೆಂಟ್. ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಆ ದುಡ್ಡಲ್ಲೇ ನನ್ನ ಬೆಳಗಿನ ಬ್ರೆಡ್ಡು. ರಸ್ತೆಯಲ್ಲಿ ಕೆಲವರು ಖಾಲಿ ಬಾಟಲಿಯನ್ನು ಕಸದ ಡಬ್ಬಿಯ ಒಳಗೆ ಹಾಕದೆ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಯಾಕೆ ಅಂತ ಎರಡು ವಾರ ತಿಳಿಯಲಿಲ್ಲ. ಬಾಟಲಿ ಆಯುವ ಬಡವರು ಕಸದೊಳಗೆ ಕೈ ಹಾಕಬಾರದು ಅಂತ. ಒಬ್ಬ ಮುದುಕರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಯುತ್ತಿದ್ದರು. ಅಷ್ಟು ಶ್ರೀಮಂತ ದೇಶದಲ್ಲಿ ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ.

ಎರಡನೇ ಕೆಲಸ ಮೆಟ್ಟಿಲು. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯಲ್ಲಿ 'ಕೇರ್‌ವೋಖೆ' ಅಂತ ಪದ್ಧತಿ ಇದೆ. ವೋಖೆ ಅಂದರೆ ವಾರ, ಕೇರ್ ಅಂದರೆ ಗುಡಿಸುವುದು. ನಾವು ಮೊರದಲ್ಲಿ ಕಾಳು ಕೇರುತ್ತೇವೆ, ಅವರು ಮೆಟ್ಟಿಲು ಕೇರುತ್ತಾರೆ! ಪಾಳಿಯ ಮೇಲೆ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಪಾಳಿ ಬಂದರೆ ಅಂಗಳ, ನೆಲಮಾಳಿಗೆ, ಮುಂದಿನ ಫುಟ್‌ಪಾತ್ ಕೂಡ. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುಬಿಟ್ಟಿರುತ್ತಾರೆ. ಎಂಜಿನಿಯರ್ ಆಗಲಿ, ಡಾಕ್ಟರ್ ಆಗಲಿ, ಹಲಗೆ ಬಂದರೆ ಬಕೆಟ್ ಹಿಡಿಯಬೇಕು. ತಮ್ಮನ ಹೆಂಡತಿ "ಬ್ಯಾಡ್ರೀ ಅಕ್ಕಾ, ನೀವು ಬಂದೋರು" ಅಂದಳು. ನಾನು ಕೇಳಲಿಲ್ಲ. ಆರು ವಾರದಲ್ಲಿ ಪಾಳಿ ಎರಡು ಸಲ ಬಂತು. ಕಟ್ಟಡದಲ್ಲಿ ಯಾರು ಯಾರಿದ್ದಾರೆ ಅಂತ ನನಗೆ ಗೊತ್ತಾದದ್ದು ಮೆಟ್ಟಿಲ ಮೇಲೆ. ಮೇಲಿನ ಮನೆಯ ಹುಡುಗ ಪಿಟೀಲು ಪೆಟ್ಟಿಗೆ ಹಿಡಿದು ಇಳಿಯುವ ಹೊತ್ತು, ಎದುರು ಮನೆಯ ಟರ್ಕಿಯ ತಾಯಿ ತರಕಾರಿ ತರುವ ಹೊತ್ತು. ಆಕೆ ನನಗೆ ಟರ್ಕಿ ಅಂಗಡಿ ತೋರಿಸಿದರು. ಕಟ್ಟುಕಟ್ಟಾಗಿ ಕೊತ್ತಂಬರಿ, ಪುದೀನಾ. ನಮ್ಮ ಕಣ್ಣಿ ಮಾರ್ಕೆಟ್ ನೆನಪಾಯಿತು. ನಮ್ಮಿಬ್ಬರ ನಡುವೆ ಒಂದೂ ಸಮಾನ ಭಾಷೆ ಇರಲಿಲ್ಲ.

ತಪ್ಪೂ ಮಾಡಿದೆ. ಮೊದಲ ಐತವಾರ ಬೆಳಗ್ಗೆ ಏಳಕ್ಕೆ ಎದ್ದು ತಮ್ಮನಿಗೆ ಬಿಸಿ ರೊಟ್ಟಿ ಮಾಡೋಣ ಅಂತ ಹಿಟ್ಟು ಕಲಸಿ ಬಡಿಯಲು ಕೂತೆ. ಪಟಪಟ ಸದ್ದಿಗೆ ತಮ್ಮ ಓಡಿ ಬಂದ. "ಅಕ್ಕಾ, ಸಾಕು ಬಿಡ, ಇವತ್ತ ಐತವಾರ!" ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಬಂದು ಗಂಟೆ ಒತ್ತಿದ್ದರು. ಅಲ್ಲಿ ದಿನಾ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಐತವಾರ ಇಡೀ ದಿನ ಇಲ್ಲ. ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಯನ್ನು ಕಸದ ಪೆಟ್ಟಿಗೆಗೆ ಎಸೆಯುವಂತೆಯೂ ಇಲ್ಲ. ಅಂಗಡಿಯೂ ಬಂದ್. ಬೇಕರಿ ಕೆಲವು ತಾಸು ತೆರೆದಿರುತ್ತದೆ, ರೈಲ್ವೆ ಸ್ಟೇಷನ್ನಿನ ಅಂಗಡಿಗಳು ಇರುತ್ತವೆ. ಹಾಲು, ತರಕಾರಿ ಶನಿವಾರವೇ ತಂದಿಡಿ.

ಮರುದಿನ ಆ ಅಜ್ಜಿಗೆ ಶೇಂಗಾ ಹೋಳಿಗೆ ಒಯ್ದು ಕೊಟ್ಟೆ. ಕೊಡುವ ಮುಂಚೆ ಶೇಂಗಾ ತಿನ್ನುತ್ತಾರಾ ಅಂತ ತಮ್ಮನಿಂದ ಕೇಳಿಸಿದೆ, ನೀವೂ ಕೇಳಿಸಿ. ಶೇಂಗಾ ಆಗದವರು ಅಲ್ಲಿದ್ದಾರೆ, ಜೀವಕ್ಕೇ ಬರುತ್ತದೆ. ಅಜ್ಜಿ ಡಬ್ಬಿಯನ್ನು ತೊಳೆದು ಖಾಲಿ ವಾಪಸ್ ಕೊಟ್ಟರು. ನನಗೆ ಸಿಟ್ಟು. ನಮ್ಮಲ್ಲಿ ಖಾಲಿ ಡಬ್ಬಿ ಕೊಡುತ್ತಾರೇನು, ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತಾರೆ. ತಮ್ಮ ನಕ್ಕ: ತೊಳೆದು ಕೊಟ್ಟದ್ದೇ ಅವರ ಮರ್ಯಾದೆ ಅಂದ. ಎಂಟು ದಿನದ ಮೇಲೆ ಅಜ್ಜಿ ತಾವೇ ಮಾಡಿದ ಸ್ಟ್ರಾಬೆರಿ ಜಾಮ್ ತಂದರು.

ಸಸ್ಯಾಹಾರಿಗಳು 'ಓನೆ ಫ್ಲೈಶ್' ಅನ್ನುವುದನ್ನು ಬಾಯಿಪಾಠ ಮಾಡಿ, ಮಾಂಸ ಇಲ್ಲದ್ದು ಅಂತ. ನಮ್ಮ ಕಡುಬಿನ ಹಾಗೆ ಕಾಣುವ 'ಮೌಲ್‌ಟಾಶೆ'ಯೊಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ. 'ಷ್ಪೆಟ್ಸ್ಲೆ' ಶಾವಿಗೆಯಲ್ಲಿ ಮೊಟ್ಟೆ. ಬೇಳೆಯ ಜೊತೆ ಷ್ಪೆಟ್ಸ್ಲೆ ಅವರ ಊರಿನ ಊಟ, ಪಕ್ಕದಲ್ಲಿ ಸಾಸೇಜ್ ಇಡುತ್ತಾರೆ. ಬೇಳೆ ಅಂತ ಹಿಗ್ಗಬೇಡಿ. ಕುಡಿಯಲು ನಲ್ಲಿ ನೀರೇ ಸಾಕು.

ಓಡಾಟಕ್ಕೆ ಇಡೀ ದೇಶದ ತಿಂಗಳ ಟಿಕೆಟ್ ಇದೆ, ಡಾಯ್ಚ್‌ಲಾಂಡ್ ಟಿಕೆಟ್. ನಾನು ಹೋದಾಗ 58 ಯೂರೋ, 2026ರ ಜನವರಿಯಿಂದ 63. ಬಸ್ಸು, ಟ್ರಾಮ್, ಊರೂರಿಗೆ ನಿಲ್ಲುವ ರೈಲಿಗೆ ನಡೆಯುತ್ತದೆ, ದೂರದ ವೇಗದ ರೈಲಿಗೆ ಇಲ್ಲ. ಅದು ತಿಂಗಳು ತಿಂಗಳು ತಾನೇ ಮುಂದುವರಿಯುತ್ತದೆ. ಬೇಡವಾದರೆ ಆ ತಿಂಗಳ 10ರೊಳಗೆ ರದ್ದು ಮಾಡಿಸಿ. ಟಿಕೆಟ್ ಇಲ್ಲದೆ ಸಿಕ್ಕರೆ 60 ಯೂರೋ ದಂಡ. ಸಂಜೆ ನಾನು ಮರೀನ್‌ಪ್ಲಾಟ್ಸ್‌ನಿಂದ ಡೇಗರ್‌ಲೋಕ್ ಗುಡ್ಡಕ್ಕೆ ಹತ್ತುವ ಹಲ್ಲುಗಾಲಿಯ ಹಳದಿ ರೈಲಿನಲ್ಲಿ ಸುಮ್ನೆ ಹೋಗಿ ಬರುತ್ತಿದ್ದೆ. ಆ ದಾರಿ ಶುರುವಾದದ್ದು 1884ರಲ್ಲಿ. ಸೈಕಲ್ಲುಗಳಿಗೇ ಮುಂದೆ ಬೇರೆ ಗಾಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಹೊತ್ತು ಮುಳುಗುತ್ತದೆ, ದೇವರ ಮುಂದೆ ಸಂಜೆ ದೀಪ ಯಾವಾಗ ಹಚ್ಚಬೇಕು ಅಂತ ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಏಳಕ್ಕೇ ಹಚ್ಚಿಬಿಡುತ್ತಿದ್ದೆ.

ಹೊರಡುವ ಹಿಂದಿನ ದಿನ ನಮ್ಮ ಎರಡನೇ ಪಾಳಿ ಮುಗಿಯಿತು. ಮೆಟ್ಟಿಲು ಒರೆಸಿ, ಹಲಗೆಯನ್ನು ಟರ್ಕಿಯ ತಾಯಿಯ ಬಾಗಿಲಿಗೆ ಹಾಕಿ ಬಂದೆ. ಸೂಟ್‌ಕೇಸಿನಲ್ಲಿ ರೊಟ್ಟಿಯ ಜಾಗ ಖಾಲಿ ಇತ್ತು. ಚಾಕಲೇಟಿನ ಜೊತೆಗೆ ಅಲ್ಲಿನ ನಿಂತು ಗುಡಿಸುವ ಪೊರಕೆಯ ತಲೆ ಒಂದು ಹಾಕಿಕೊಂಡೆ. ಕೋಲನ್ನು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕೂಡಿಸಿಕೊಂಡೆ.