ಎಲಿಜಬೆತ್‌ಳ ತವರು, ರಿಚರ್ಡನ ತಂದೆ

ಮದುವೆಯಾಗಿ ಮ್ಯಾಸಚೂಸೆಟ್ಸ್‌ಗೆ ಬಂದ ಮೇಲೆ ಅತ್ತೆಯವರು ನನ್ನ ಕೈಗಿತ್ತ ವಂಶವೃಕ್ಷದ ಮೂಲಪುರುಷ ರಿಚರ್ಡ್ ವಾರನ್. 1620ರಲ್ಲಿ, ಇಂಗ್ಲೆಂಡಿನಿಂದ ವಲಸಿಗರನ್ನು ಕರೆತಂದ ಮೇಫ್ಲವರ್ ಹಡಗಿನಲ್ಲಿ ಇಲ್ಲಿನ ಪ್ಲಿಮತ್‌ಗೆ ಬಂದು 1628ರಲ್ಲಿ ಅಲ್ಲಿಯೇ ತೀರಿಕೊಂಡವನು. ಅವನ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ತಂದೆತಾಯಿಯರ ಹೆಸರೂ ಇತ್ತು. ಆಧಾರವೇನೆಂದು ಕೇಳಿದಾಗ, ಅಂತರ್ಜಾಲದ ಹಲವು ವಂಶವೃಕ್ಷಗಳಲ್ಲಿ ಹಾಗೆಯೇ ಇದೆ ಎಂದರು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದುಕೊಂಡದ್ದು ಆಧಾರವಾಗದು ಎಂದು ನನಗೆ ಆಗಲೇ ಅನ್ನಿಸಿತ್ತು.

ನಾನು ಕೆಳಗಿನಿಂದ ಮೇಲಕ್ಕೆ ಹೋದೆ. ಗಂಡನ ಜನನಪತ್ರದಿಂದ ಹಿಡಿದು ಜನಗಣತಿ, ಊರಿನ ಜನನ-ಮರಣ ಪುಸ್ತಕ, ಉಯಿಲು, ಭೂಪತ್ರಗಳ ಮೂಲಕ ಪ್ರತಿ ತಲೆಮಾರನ್ನೂ ಅದರ ಹಿಂದಿನದಕ್ಕೆ ಜೋಡಿಸಿದೆ. ಮನೆಯವರೆಲ್ಲರ ಹೆಸರು ಜನಗಣತಿಯಲ್ಲಿ ಸಿಗುವುದು 1850ರಿಂದ ಮಾತ್ರ. ರಿಚರ್ಡನಿಂದ ಹಿಡಿದು ಮೊದಲ ಐದು ತಲೆಮಾರುಗಳಿಗೆ ಮೇಫ್ಲವರ್ ವಂಶಸ್ಥರ ಸಂಘದ ಸಂಪುಟ ನೆರವಾಯಿತು.

ನಿಜವಾದ ಪಾಠ ಕಲಿತದ್ದು ರಿಚರ್ಡನ ಹೆಂಡತಿ ಎಲಿಜಬೆತ್‌ಳಿಂದ. ಹಳೆಯ ವಂಶಾವಳಿಗಳು ಅವಳನ್ನು ಬೇರೊಂದು ಮನೆತನಕ್ಕೆ ಸೇರಿಸಿದ್ದವು. 2003ರಲ್ಲಿ ‘ದಿ ಅಮೆರಿಕನ್ ಜೀನಿಯಾಲಜಿಸ್ಟ್’ ಪತ್ರಿಕೆಯಲ್ಲಿ ಎಡ್ವರ್ಡ್ ಡೇವಿಸ್, 1610ರ ಏಪ್ರಿಲ್ 14ರಂದು ಹರ್ಟ್‌ಫರ್ಡ್‌ಷೈರಿನ ಗ್ರೇಟ್ ಆ್ಯಮ್ವೆಲ್‌ನಲ್ಲಿ ರಿಚರ್ಡ್ ವಾರನ್‌ಗೂ ಎಲಿಜಬೆತ್ ವಾಕರ್‌ಗೂ ಮದುವೆಯಾದದ್ದನ್ನು ತೋರಿಸಿದರು. ಆದರೆ ವಾರನ್ ಎಂಬ ಹೆಸರು ಇಂಗ್ಲೆಂಡಿನಲ್ಲಿ ಅಪರೂಪದ್ದಲ್ಲ. ಆ ವಾರನ್ನನೇ ಈ ವಾರನ್ ಎನ್ನುವುದು ಹೇಗೆ? ಅದಕ್ಕೆ ಉತ್ತರ ಅವಳ ತಂದೆ ಆಗಸ್ಟಿನ್ ವಾಕರ್ 1613ರಲ್ಲಿ ಬರೆದ ಉಯಿಲಿನಲ್ಲಿದೆ: ಮಗಳು ಎಲಿಜಬೆತ್ ವಾರನ್, ಅವಳ ಮಕ್ಕಳು ಮೇರಿ, ಆ್ಯನ್, ಸಾರಾ. ಪ್ಲಿಮತ್‌ನವರು 1627ರಲ್ಲಿ ಮನೆಮಂದಿಯ ಹೆಸರು ಬರೆದು ದನಗಳನ್ನು ಹಂಚಿಕೊಂಡ ಪಟ್ಟಿಯನ್ನು ತೆಗೆದು ಪಕ್ಕದಲ್ಲಿಟ್ಟೆ. ವಾರನ್ ಮನೆಯ ಹೆಣ್ಣುಮಕ್ಕಳು ಮೇರಿ, ಆ್ಯನಾ, ಸಾರಾ, ಆಮೇಲೆ ಎಲಿಜಬೆತ್, ಅಬಿಗೇಲ್. ಅದೇ ಮೂರು ಹೆಸರು, ಅದೇ ಕ್ರಮ! ಸಾಗರದ ಎರಡು ದಡಗಳ ಎರಡು ಕಾಗದಗಳು ಒಂದೇ ಮನೆಯ ಮಕ್ಕಳನ್ನು ಹೇಳುತ್ತಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರಿಚರ್ಡನ ತಂದೆಗೆ ಇಂಥ ಕೊಂಡಿಯಿಲ್ಲ. ಆ ಕಾಲದ ಮದುವೆ ದಾಖಲೆಗಳಲ್ಲಿ ಸಾಮಾನ್ಯವಾಗಿ ತಂದೆತಾಯಿಯರ ಹೆಸರಿರುವುದಿಲ್ಲ. 1622ರಲ್ಲಿ ಅಚ್ಚಾದ ವಸಾಹತಿನ ವೃತ್ತಾಂತ ಅವನನ್ನು ಲಂಡನ್ನಿನವನೆನ್ನುತ್ತದೆ, ಲಂಡನ್ನಿನಲ್ಲಿದ್ದದ್ದೋ ತಮ್ಮತಮ್ಮ ಚರ್ಚಿನ ದಾಖಲೆ ಪುಸ್ತಕವಿದ್ದ ನೂರಕ್ಕೂ ಹೆಚ್ಚು ಪ್ಯಾರಿಷ್‌ಗಳು. ಅದೇ ಹೆಸರಿನ ಮಗುವಿನ ದೀಕ್ಷಾಸ್ನಾನದ ದಾಖಲೆ ಸಿಕ್ಕರೂ, ಆ ಮಗು ಎಳೆಯದರಲ್ಲೇ ತೀರಿಕೊಂಡಿತೇ ಎಂದು ಸಮಾಧಿ ಪುಸ್ತಕವನ್ನು ನೋಡದೆ ಮುಂದುವರಿಯಬಾರದು. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಮಾರ್ಚ್ 25ಕ್ಕೆ ವರ್ಷ ಬದಲಾಗುತ್ತಿದ್ದುದರಿಂದ ಜನವರಿ, ಫೆಬ್ರವರಿಯ ತಾರೀಖುಗಳನ್ನು ಎರಡೆರಡು ಸಲ ಲೆಕ್ಕ ಹಾಕಬೇಕು. ಡಿಎನ್‌ಎ ಪರೀಕ್ಷೆ ವಾರನ್ ಗಂಡುಸಂತತಿಯ ಎರಡು ಕವಲುಗಳ ನಂಟನ್ನು ತೋರಿಸಬಹುದು, ಆದರೆ ತಂದೆಯ ಹೆಸರನ್ನು ಹೇಳದು.

ಅತ್ತೆಯವರಿಗೆ ಮೊದಲು ಬೇಸರವಾಯಿತು. ಊಟದ ಮೇಜಿನ ಮೇಲೆ ಉಯಿಲಿನ ಪ್ರತಿಯನ್ನೂ ದನಗಳ ಪಟ್ಟಿಯನ್ನೂ ಅಕ್ಕಪಕ್ಕ ಹರಡಿ ಮೂರು ಹೆಸರುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ರಬ್ಬರ್ ತೆಗೆದುಕೊಂಡು ರಿಚರ್ಡನ ಮೇಲಿದ್ದ ಎರಡು ಹೆಸರುಗಳನ್ನು ಅಳಿಸಿ, ಎಲಿಜಬೆತ್‌ಳ ಮೇಲೆ ಶಾಯಿಯಲ್ಲಿ ‘ಆಗಸ್ಟಿನ್ ವಾಕರ್, ಗ್ರೇಟ್ ಆ್ಯಮ್ವೆಲ್’ ಎಂದು ಬರೆದರು.